ಅತ್ತೆಯ ಹೆಸರಿಗೆ ಕೆನೆಬಣ್ಣದ ಗೆರೆ

ಕೋಲಾರ ಜಿಲ್ಲೆ ಹುಟ್ಟಿದಂದಿನಿಂದ ಇಂಥ ಲಗ್ನಪತ್ರಿಕೆ ಯಾರ ಕೈಗೂ ಬಂದಿರಬಾರದು, ಇನ್ನು ಮುಂದೆ ಬರಲೂಬಾರದು ಎಂದು ಚಿಂತಾಮಣಿಯ ಚಲಪತಿ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಶಪಥ ಮಾಡಿದ. ಭೀಷ್ಮನ ಶಪಥಕ್ಕೆ ಆಕಾಶದಿಂದ ಹೂವು ಉದುರಿತಂತೆ. ಚಲಪತಿಯ ಶಪಥಕ್ಕೆ ಅವನ ಹೆಂಡತಿ ಆಂಜಿನಮ್ಮ ಇನ್ನೊಂದು ಸೌಟು ಉಪ್ಪಿಟ್ಟು ಉದುರಿಸಿದಳು.

ಮದುವೆ ಆಂಜಿನಮ್ಮನ ತಂಗಿ ಗಂಗರತ್ನಳದು. ಹುಡುಗ ತೊಂಡೇಬಾವಿ ಕಡೆಯ ಮುನಿರಾಜು. ಛತ್ರ ಗೊತ್ತಾಗಿತ್ತು, ಅಡುಗೆಯವರು ಗೊತ್ತಾಗಿದ್ದರು. ಪತ್ರಿಕೆಯ ಭಾರವನ್ನು ಹಿರಿಯ ಅಳಿಯನಾದ ಚಲಪತಿ ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡಿದ್ದ. ಯಾರೂ ಹೊರಿಸಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹನ್ನೊಂದು ವರ್ಷ ಅವನು ಬೋರ್ಡು ಬರೆದವನು. ಚಿಂತಾಮಣಿಯಿಂದ ಶಿಡ್ಲಘಟ್ಟದವರೆಗೆ ಅವನ ಕುಂಚ ಮುಟ್ಟದ ಹಿಟ್ಟಿನ ಗಿರಣಿಯಿಲ್ಲ, ಸೋಡಾ ಅಂಗಡಿಯಿಲ್ಲ. ಆ ವರ್ಷ, ತೊಂಬತ್ತಾರರಲ್ಲಿ, ಬೆಂಗಳೂರಿಗೆ ಹೋಗಿ ಯಾರೋ ಬಳಸಿಬಿಟ್ಟ ಕಂಪ್ಯೂಟರೊಂದನ್ನು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಶೀತವಾದೀತೆಂದು ಟವೆಲ್ ಹೊದಿಸಿ ಕರೆತಂದಿದ್ದ. ಆವತ್ತಿನಿಂದ ಅವನು ಪೇಂಟರ್ ಚಲಪತಿ ಅಲ್ಲ, ಡಿಟಿಪಿ ಚಲಪತಿ.

ಬೋರ್ಡು ಬರೆಯುವವರಿಗೆಲ್ಲ ಒಂದು ಹಳೆಯ ಸಂಕಟವಿದೆ. ಅಕ್ಷರಕ್ಕೆ ಅಂಚಿನ ಗೆರೆ ಎಳೆಯುವಾಗ ಹಿನ್ನೆಲೆ ಒಂದೇ ಬಣ್ಣದ್ದಾದರೆ ಸುಖ. ಬಿಳಿ ಗೋಡೆಯ ಮೇಲೆ ಕಪ್ಪು ಗೆರೆ ಎಳೆಯುತ್ತ ಹೋದವನಿಗೆ ಮಧ್ಯೆ ಕಪ್ಪು ಬಾಗಿಲು ಅಡ್ಡ ಬಂತೋ, ಗೆರೆ ಅಲ್ಲಿಗೆ ಹೋಗಿ ಬಾವಿಗೆ ಬಿದ್ದಂತೆ ಮುಳುಗಿಹೋಗುತ್ತದೆ. ಅಲ್ಲಿ ಕುಂಚ ತೊಳೆದು, ಬಿಳಿ ಅದ್ದಿ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮತ್ತೆ ಹಿಡಿಯಬೇಕು. ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಇಲಿಯ ಬಾಲ ಹಿಡಿದು ಮಾಡಬಹುದೆಂದು ತಿಳಿದ ದಿನ ಚಲಪತಿ ಅಂಗಡಿಯ ಬಾಗಿಲಿಗೆ ಬಂದು ನಿಂತು ಬೀದಿಯನ್ನೊಮ್ಮೆ ನೋಡಿದ. ಬೀದಿಗೆ ಏನೂ ಅನ್ನಿಸಲಿಲ್ಲ.

ಅವನು ಕಲ್ಪಿಸಿದ ಪತ್ರಿಕೆ ಹೀಗಿತ್ತು: ಕೆನೆಬಣ್ಣದ ಕಾರ್ಡು, ನಡುವೆ ಕುಂಕುಮಬಣ್ಣದ ದೊಡ್ಡ ಕಳಶ. ಹೆಸರುಗಳು ಕಾರ್ಡಿನ ಎಡ ಅಂಚಿನಿಂದ ಬಲ ಅಂಚಿಗೆ, ಕಳಶವನ್ನು ಹಾಯ್ದು ಹೋಗಬೇಕು. ಅಕ್ಷರಕ್ಕೆ ಹೊಟ್ಟೆಯಿಲ್ಲ, ಬರೀ ಗೆರೆ. ಕೆನೆಯ ಮೇಲಿರುವಷ್ಟು ಹೊತ್ತು ಗೆರೆ ಕುಂಕುಮಬಣ್ಣ, ಕಳಶದೊಳಕ್ಕೆ ಕಾಲಿಟ್ಟ ತಕ್ಷಣ ಕೆನೆಬಣ್ಣ, ಹೊರಬಂದ ತಕ್ಷಣ ಮತ್ತೆ ಕುಂಕುಮ! ಅದಕ್ಕಾಗಿ ಗೆರೆಯನ್ನೇ ಒಂದು ಆಕಾರವಾಗಿ ಮಾರ್ಪಡಿಸಬೇಕು, ಕಳಶದ ಅಂಚು ತಾಗಿದಲ್ಲೆಲ್ಲ ಅದನ್ನು ಕತ್ತರಿಸಬೇಕು, ತುಂಡು ತುಂಡಿಗೂ ಬೇರೆ ಬಣ್ಣ ತುಂಬಬೇಕು. ಮೂರು ದಿನ ಅವನು ಅಕ್ಷರಗಳನ್ನು ಹುರುಳಿಕಾಯಿ ಹೆಚ್ಚಿದ ಹಾಗೆ ಹೆಚ್ಚಿದ. ನಾಲ್ಕನೆಯ ದಿನ ಕಳಶ ಸ್ವಲ್ಪ ಎಡಕ್ಕಿರಲಿ ಎನ್ನಿಸಿ ಸರಿಸಿದ. ಕಳಶ ಸರಿಯಿತು, ತುಂಡುಗಳು ಸರಿಯಲಿಲ್ಲ. ಮುನಿರಾಜುವಿನ ‘ಮು’ ಅರ್ಧ ಮಾಯವಾಗಿ, ‘ರಾ’ ಮೇಲೆ ಕೆನೆಬಣ್ಣದ ಮೀಸೆ ಮೂಡಿ, ಮದುಮಗ ಮದುವೆಗೆ ಮೊದಲೇ ಮುದುಕನಾದ. ಮತ್ತೆ ಮೂರು ದಿನ ಹೆಚ್ಚುವಿಕೆ.

ಅದು ಮುಗಿದು ತೆರೆಯ ಮೇಲೆ ಎಲ್ಲ ಸರಿಯಾಗಿ ಕೂತ ಸಂಜೆ, ಆಂಜಿನಮ್ಮ ಅಂಗಡಿಗೆ ಬಂದು ಹಿಂದೆ ನಿಂತು ನೋಡಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಕೇಳಿದಳು.

“ಅಮ್ಮನ ಹೆಸರು ಎಲ್ರೀ?”

ಇಲ್ಲಿ ಒಂದು ವಿಷಯ ಹೇಳಬೇಕು. ಆಂಜಿನಮ್ಮನ ತಂದೆ ವೆಂಕಟರವಣಪ್ಪ ತೀರಿಕೊಂಡು ಇಪ್ಪತ್ತು ವರ್ಷ. ತಾಯಿ ಚಿಕ್ಕವೆಂಕಟಮ್ಮ ಶಿಡ್ಲಘಟ್ಟದ ಫಿಲೇಚರೊಂದರಲ್ಲಿ ಕುದಿಯುವ ನೀರಿಗೆ ಬೆರಳದ್ದಿ ಅದ್ದಿ, ಗೂಡಿನಿಂದ ರೇಷ್ಮೆಯೆಳೆ ಬಿಚ್ಚಿ ಬಿಚ್ಚಿ, ಇಬ್ಬರು ಹೆಣ್ಣುಮಕ್ಕಳನ್ನು ಹತ್ತನೇ ಕ್ಲಾಸು ದಾಟಿಸಿದಾಕೆ. ಬೆರಳ ತುದಿಯ ಚರ್ಮ ಬೆಂದು ಬಿಳಿಚಿಕೊಂಡು, ಆಕೆಗೆ ಬಿಸಿ ಲೋಟ ಹಿಡಿದರೂ ಬಿಸಿ ಗೊತ್ತಾಗುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಊರಿನಲ್ಲಿ ಸಾಕ್ಷರತೆಯ ಪಾಠ ಶುರುವಾದಾಗ ಹೋಗಿ, ಆ ಬೆರಳಿನಿಂದಲೇ ಸ್ಲೇಟಿನ ಮೇಲೆ ತನ್ನ ಹೆಸರು ಬರೆಯಲು ಕಲಿತಿದ್ದಳು. ಮಿಕ್ಕ ಪಾಠ ಅಷ್ಟಕ್ಕಷ್ಟೆ. ಆ ಆರು ಅಕ್ಷರ ಮಾತ್ರ ಎಲ್ಲಿ ಕಂಡರೂ ಬಿಡುತ್ತಿರಲಿಲ್ಲ. ಬ್ಯಾಲೆಟ್ ಪೇಪರಿನಲ್ಲೂ ಹುಡುಕಿದ್ದಳಂತೆ.

ಆಂಜಿನಮ್ಮನ ಬೇಡಿಕೆ ಒಂದೇ. ಮದುವೆಗೆ ಕರೆಯುವವಳು ಅಮ್ಮ, ಹಾಗಾಗಿ ಅಮ್ಮನ ಹೆಸರಿನಲ್ಲೇ ಪತ್ರಿಕೆ ಹೊರಡಬೇಕು.

ಚಲಪತಿ ಎದೆಯ ಮೇಲೆ ಕೈಯಿಟ್ಟ. ಅತ್ತೆಯೆಂದರೆ ತನಗೆ ತಾಯಿಯ ಸಮಾನವೆಂದೂ, ಹೆಸರು ಹಾಕುವುದು ಮಾತ್ರವಲ್ಲ, ಎಲ್ಲಕ್ಕಿಂತ ಮೇಲೆ ಹಾಕುವುದಾಗಿಯೂ, ಯಾವ ಬ್ರಹ್ಮ ಬಂದು ಅಡ್ಡ ನಿಂತರೂ ಬ್ರಹ್ಮನನ್ನೇ ಎರಡು ತುಂಡು ಮಾಡಿ ಬೇರೆ ಬೇರೆ ಬಣ್ಣ ತುಂಬುವುದಾಗಿಯೂ ಹೇಳಿದ. ಅಲ್ಲೇ ಕೂತು ‘ಶ್ರೀಮತಿ ಚಿಕ್ಕವೆಂಕಟಮ್ಮ’ ಎಂದು ಹೊಡೆದು, ಹೆಚ್ಚಿ, ತುಂಬಿ ತೋರಿಸಿದ. ‘ಶ್ರೀಮತಿ’ ಕೆನೆಯ ಮೇಲೆ ಕುಂಕುಮವಾಗಿ ಹೊರಟು, ‘ಚಿಕ್ಕವೆಂ’ ಕಳಶದೊಳಗೆ ಕೆನೆಯಾಗಿ ಬೆಳಗಿ, ‘ಕಟಮ್ಮ’ ಮತ್ತೆ ಕುಂಕುಮವಾಗಿ ದಡ ಸೇರಿತು. ಆಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ರಾತ್ರಿಯ ಊಟಕ್ಕೆ ಹಪ್ಪಳ ಕರಿದಳು. ಚಲಪತಿಯ ಸಂಸಾರದಲ್ಲಿ ಹಪ್ಪಳವೆಂದರೆ ಪದ್ಮಶ್ರೀ.

ಬ್ರಹ್ಮ ಮಾರನೆಯ ದಿನವೇ ಶಿಡ್ಲಘಟ್ಟದ ಬಸ್ಸಿಳಿದು ಬಂದ.

ಬ್ರಹ್ಮನ ಹೆಸರು ಚೆನ್ನರಾಯಪ್ಪ. ಸತ್ತ ವೆಂಕಟರವಣಪ್ಪನ ಅಣ್ಣ, ಆಂಜಿನಮ್ಮನಿಗೆ ದೊಡ್ಡಪ್ಪ. ಮನೆತನದ ಗೌರವವೆಂಬ ಒಂದು ಅದೃಶ್ಯ ಪೆಟ್ಟಿಗೆಯ ಬೀಗದ ಕೈ ಅವರ ಸೊಂಟದಲ್ಲಿತ್ತು. ತಮ್ಮ ಸತ್ತ ಮೇಲೆ ಅವನ ಮಕ್ಕಳ ಫೀಸು, ಜ್ವರ, ಗಂಜಿ ಯಾವುದನ್ನೂ ವಿಚಾರಿಸದೆ ಆ ಪೆಟ್ಟಿಗೆಯೊಂದನ್ನೇ ಜೋಪಾನವಾಗಿ ಕಾದುಕೊಂಡು ಬಂದಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ‘ಶ್ರೀ’ ಒಂದನ್ನು ಮಾತ್ರ ಬಾಗಿಲು ಗೋಡೆಗಳ ಮೇಲೆ ನೋಡಿ ನೋಡಿ ಗುರುತು ಹಿಡಿಯುತ್ತಿದ್ದರು. ಹಾಗೆಂದು ಅವರನ್ನು ಯಾರೂ ಏಮಾರಿಸುವಂತಿರಲಿಲ್ಲ. ಯಾವ ಕಾಗದ ಕೊಟ್ಟರೂ ಬೇರೆ ಬೇರೆ ಮೂರು ಜನರ ಕೈಯಲ್ಲಿ ಓದಿಸುತ್ತಿದ್ದರು. ಮೂವರೂ ಒಂದೇ ಮಾತು ಹೇಳಿದರೆ ಮಾತ್ರ ಅದು ಬರೆದದ್ದು, ಇಲ್ಲವಾದರೆ ಬರೀ ಮಸಿ.

ಚಲಪತಿ ತೋರಿಸಿದ ನಮೂನೆಯನ್ನು ಎದುರಿನ ಟೈಲರ್, ಪಕ್ಕದ ಹೋಟೆಲಿನವನು, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ ಮೂವರೂ ಓದಿದರು. ಮೂವರೂ ‘ಶ್ರೀಮತಿ ಚಿಕ್ಕವೆಂಕಟಮ್ಮ’ ಎಂದೇ ಶುರುಮಾಡಿದರು.

ಚೆನ್ನರಾಯಪ್ಪನವರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಮೋರಿಗೆ ಉಗುಳಿ ಬಂದು ಕೂತರು.

“ಏನಪ್ಪಾ ಅಳಿಯ, ಶುಭಕಾರ್ಯದ ಕಾಗದ ಇದು. ಗಂಡ ಇಲ್ದೋಳ ಹೆಸ್ರಿಂದ ಶುರುವಾಗ್ತದಾ? ತೊಂಡೇಬಾವಿಯೋರು ಏನಂದ್ಕೊಂತಾರೆ? ನಮ್ಮ ತಮ್ಮನ ಹೆಸ್ರು ಹಾಕು, ನನ್ನ ಹೆಸ್ರು ಹಾಕು, ಚಾಲು, ಅಷ್ಟು ಸಾಕು.”

ತಮ್ಮನ ಹೆಸರು! ನೋಡಿ ನಮ್ಮ ಶಾಸ್ತ್ರದ ಚೆಂದವನ್ನು. ಸತ್ತ ವೆಂಕಟರವಣಪ್ಪ ಪತ್ರಿಕೆಯಲ್ಲಿ ಕಾಲು ಚಾಚಿ ಕೂರಬಹುದು, ಹೆಸರಿನ ಹಿಂದೆ ‘ದಿ॥’ ಎಂದು ಎರಡು ಗೀಟಿನ ಊರುಗೋಲು ಕೊಟ್ಟರಾಯಿತು. ಬದುಕಿರುವವಳು, ದುಡಿದವಳು, ಮದುವೆಯ ಅಕ್ಕಿ ಆರಿಸುತ್ತಿರುವವಳು ಮಾತ್ರ ಅಶುಭ. ನಮ್ಮ ಶುಭಕ್ಕೆ ಎಂಥ ಮೂಗು! ಹೆಣದ ವಾಸನೆ ಅದಕ್ಕೆ ಹತ್ತುವುದಿಲ್ಲ, ಬೆವರಿನ ವಾಸನೆ ಹತ್ತುತ್ತದೆ.

ಇದನ್ನೆಲ್ಲ ಚಲಪತಿ ಹೇಳಬೇಕಾಗಿತ್ತು. ಬಾಯಿ ತೆರೆದದ್ದೂ ಹೌದು. ಆದರೆ ಚೆನ್ನರಾಯಪ್ಪನವರ ಮೀಸೆ ಕಂಡ ಕೂಡಲೇ ಬಾಯಿಂದ ಹೊರಬಂದದ್ದು, “ಆಗ್ಲಿ ದೊಡ್ಡಪ್ಪ.”

ಈಗ ಒಂದು ಕಡೆ ಹಪ್ಪಳ ಕರಿದ ಹೆಂಡತಿ, ಇನ್ನೊಂದು ಕಡೆ ಮೀಸೆ. ಒಂದು ದಿನವೆಲ್ಲ ಚಲಪತಿ ತೆರೆಯ ಮುಂದೆ ಕೂತು ತಲೆ ಕೆರೆದುಕೊಂಡ. ಸಾಯಂಕಾಲದ ಹೊತ್ತಿಗೆ ಹೊಳೆಯಿತು. ಗೆರೆಯ ಬಣ್ಣ ಹಿನ್ನೆಲೆಗೆ ತಕ್ಕಂತೆ ಬದಲಾಗಬೇಕು ತಾನೆ? ಕುಂಕುಮದ ಮೇಲೆ ಕೆನೆ, ಸರಿ. ಕೆನೆಯ ಮೇಲೆ ಕೆನೆಯೇ ಆದರೆ? ಹೆಸರು ಇರುತ್ತದೆ, ಇದ್ದೂ ಇರುವುದಿಲ್ಲ! ಹೆಂಡತಿ ಕೇಳಿದರೆ ‘ಹಾಕಿದ್ದೀನಿ ಕಣೇ’ ಅನ್ನಬಹುದು, ಸುಳ್ಳಲ್ಲ. ದೊಡ್ಡಪ್ಪ ಮೂವತ್ತು ಜನರಿಂದ ಓದಿಸಿದರೂ ಓದಲು ಸಿಗುವುದಿಲ್ಲ. ಚಲಪತಿ ಅತ್ತೆಯ ಹೆಸರನ್ನು ಕಳಶದ ಮೇಲಿಂದ ಇಳಿಸಿ ಕಾರ್ಡಿನ ಕೆಳ ಅಂಚಿಗೆ, ಈ ಮೂಲೆಯಿಂದ ಆ ಮೂಲೆಯವರೆಗೆ ಉದ್ದಕ್ಕೆ ಮಲಗಿಸಿ, ಗೆರೆಗೆ ಕೆನೆಬಣ್ಣ ತುಂಬಿದ. ತೆರೆಯ ಮೇಲೆ ಹೆಸರು ಹಾಲಿಗೆ ಬಿದ್ದ ಹಾಲಿನ ಹನಿಯಾಯಿತು. ಇಷ್ಟು ಚೆನ್ನಾಗಿ ಯಾರೂ ಯಾರಿಗೂ ಮೋಸ ಮಾಡಿರಲಾರರು ಎಂದು ಅವನಿಗೆ ತನ್ನ ಬಗ್ಗೆ ಹೆಮ್ಮೆಯಾಯಿತು.

ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಸಾದಿಕ್ ಪಾಷಾ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡಿ, ಕೆನೆ ಕಾರ್ಡಿಗೆ ಕೆನೆ ಇಂಕು ಯಾಕೆಂದು ಕೇಳಿದರು. ಕಾಣದ ಅಕ್ಷರಕ್ಕೆ ಒಂದು ಸ್ಕ್ರೀನು ಬೇರೆ ಕಟ್ಟಬೇಕಲ್ಲ ಎಂದರು. ಚಲಪತಿ ಅದು ಹೊಸ ಫ್ಯಾಷನ್ ಎಂದ. ಪಾಷಾ ಹೆಸರನ್ನು ನಿಧಾನವಾಗಿ ಓದಿ, ಇವರು ಯಾರೆಂದರು. ಚಲಪತಿ ಹೇಳಿದ.

“ಚಲಪತಿ ಭಾಯ್, ತಾಯಿ ಹೆಸ್ರು ಮುಚ್ಚಿಡೋ ಫ್ಯಾಷನ್ ನಾನು ಇದೇ ಮೊದ್ಲು ನೋಡ್ತಾ ಇರೋದು. ಆಯ್ತು, ಒಂದು ಕೆಲಸ ಮಾಡ್ತೀನಿ. ಇಂಕು ಮಂದವಾಗಿ ಹಾಕ್ತೀನಿ. ಕಣ್ಣಿಗೆ ಕಾಣದೆ ಇದ್ರೂ ಕೈಗಾದ್ರೂ ಸಿಗ್ಲಿ.”

ಐನೂರು ಕಾರ್ಡು ಬಂದವು. ಶುಕ್ರವಾರ ಬೆಳಿಗ್ಗೆ ಶಿಡ್ಲಘಟ್ಟದ ಅತ್ತೆಯ ಮನೆಯಲ್ಲಿ ಪತ್ರಿಕೆಯ ಪೂಜೆ. ಮೊದಲ ಕಾರ್ಡಿಗೆ ಹಿರಿಯರ ಕೈಯಿಂದ ಅರಿಶಿನ ಹಚ್ಚಿಸಿ ದೇವರ ಮುಂದಿಡಬೇಕು, ಆಮೇಲೆ ಊರೂರಿಗೆ ಹಂಚಿಕೆ. ಗಂಡ ಹೆಂಡತಿ ಕಟ್ಟು ಹೊತ್ತು ಬಸ್ಸಿಳಿದರು. ದಾರಿಯುದ್ದಕ್ಕೂ ಬಿಚ್ಚಲು ಬಿಡದ ಚಲಪತಿ ನಡುಮನೆಯಲ್ಲಿ ಬಿಚ್ಚಲೇಬೇಕಾಯಿತು.

ಆಂಜಿನಮ್ಮ ಕಾರ್ಡು ತಿರುಗಿಸಿ ನೋಡಿದಳು, ಮಗುಚಿ ನೋಡಿದಳು. ಹೆಸರು ಎಲ್ಲಿ ಎಂದು ಕಣ್ಣಲ್ಲೇ ಕೇಳಿದಳು. ಚಲಪತಿ ಅವಳನ್ನು ಕಿಟಕಿಯ ಹತ್ತಿರ ಕರೆದೊಯ್ದು, ಕಾರ್ಡನ್ನು ಓರೆಯಾಗಿ ಹಿಡಿದು, ಅವಳ ತಲೆಯನ್ನೂ ಓರೆಯಾಗಿ ಹಿಡಿದು, ಇಲ್ಲಿ ನೋಡು ಮಿಂಚುತ್ತಿದೆ, ಸೊಳ್ಳೆಯ ರೆಕ್ಕೆಯ ಹಾಗೆ, ಕಾಣ್ತಾ ಎಂದು ಪಿಸುಗುಟ್ಟಿದ. ಕಂಡಿತು. ಆಂಜಿನಮ್ಮ ಬೈಯದೆ ಕಾರ್ಡನ್ನು ಅವನ ಕೈಗೇ ವಾಪಸು ಕೊಟ್ಟಳು. ಅವಳು ಬೈಯುವಷ್ಟು ಹೊತ್ತು ಚಲಪತಿಗೆ ಭಯವಿರುತ್ತಿರಲಿಲ್ಲ. ಈಗ ಶುರುವಾಯಿತು.

ಅಷ್ಟರಲ್ಲಿ ಚಿಕ್ಕವೆಂಕಟಮ್ಮ ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಬಂದು ಒಂದು ಕಾರ್ಡು ಎತ್ತಿಕೊಂಡಳು. ಹೆಸರು ಹಾಕಿಸ್ತೀನಮ್ಮ ಎಂದು ಮಗಳು ಮೊದಲೇ ಹೇಳಿಬಿಟ್ಟಿದ್ದಳು. ಆಕೆ ಗೋಡೆಗೆ ಒರಗಿ ಕೂತು, ಮೇಲಿನ ಸಾಲಿನಿಂದ ಬೆರಳಿಟ್ಟುಕೊಂಡು ಹುಡುಕಿದಳು. ‘ಚಿ’ ಕಂಡಲ್ಲಿ ನಿಂತಳು, ಅದು ‘ಚಿ॥ಸೌ॥’ದ ಚಿ. ‘ವೆಂಕಟ’ ಕಂಡಲ್ಲಿ ನಿಂತಳು, ಅದು ಗಂಡನದು. ಕೆಳಗಿನವರೆಗೆ ಹೋಯಿತು ಬೆರಳು. ಕೆಳಗಿನ ಅಂಚಿನಲ್ಲಿ ಹೆಸರಿನ ಮೇಲೇ ಹಾದುಹೋಯಿತು. ಬೆಂದ ಬೆರಳಿಗೆ ಮಂದದ ಇಂಕೂ ಗೊತ್ತಾಗಲಿಲ್ಲ.

“ಚೆನ್ನಾಗೈತೆ ಬಿಡಮ್ಮ,” ಎಂದು ಕಾರ್ಡನ್ನು ಕಟ್ಟಿನ ಮೇಲಿಟ್ಟು ಕಾಫಿಗೆ ನೀರಿಡಲು ಎದ್ದುಹೋದಳು.

ಚಲಪತಿಗೆ ಕಾಫಿ ಬೇಡವೆನ್ನಿಸಿತು. ಹಾಗೆ ಅನ್ನಿಸಿದ್ದು ಜೀವಮಾನದಲ್ಲಿ ಅದೇ ಮೊದಲು.

ಚೆನ್ನರಾಯಪ್ಪನವರು ಬಂದರು. ಒಂದು ಕೆನ್ನೆಯಲ್ಲಿ ಎಲೆ ಅಡಿಕೆ, ಭುಜದ ಮೇಲೆ ಹೊಸ ವಲ್ಲಿ. ಕಾರ್ಡನ್ನು ಮೂರು ಜನ ನೆಂಟರಿಂದ ಓದಿಸಿದರು. ಬೇಡದ ಹೆಸರು ಎಲ್ಲೂ ಇಲ್ಲವೆಂದು ಮೂವರೂ ಹೇಳಿದರು. ‘ಭಲೇ ಅಳಿಯ’ ಎಂಬಂತೆ ಚಲಪತಿಯ ಬೆನ್ನಿಗೆ ಒಂದು ಏಟು ಬಿತ್ತು. ಆಮೇಲೆ ದೇವರ ಮುಂದೆ ಚಕ್ಕಳಮಕ್ಕಳ ಕೂತು, ಎಲೆಗೆ ಸುಣ್ಣ ಹಚ್ಚಿಕೊಂಡ ಬೆರಳುಗಳನ್ನು ತೊಳೆಯದೆ ಹಾಗೆಯೇ ಅರಿಶಿನದ ಬಟ್ಟಲಿಗೆ ಅದ್ದಿ, ಮನೆತನದ ಗೌರವಕ್ಕೆ ತಕ್ಕಷ್ಟು ಧಾರಾಳವಾಗಿ ಕಾರ್ಡಿನ ಎಡ ಕೆಳಮೂಲೆಗೆ ಬಳಿದರು.

ಅರಿಶಿನ ಕೆಂಪಾಯಿತು. ಸುಣ್ಣ ತಾಗಿದರೆ ಅದು ಇನ್ನೇನು ಆಗುತ್ತದೆ? ಆರತಿಯ ತಟ್ಟೆಯಲ್ಲಿ ದಿನವೂ ಆಗುವುದೇ. ಆದರೆ ಆ ಬಣ್ಣ ಕಾಗದಕ್ಕೆ ಮಾತ್ರ ಹಿಡಿಯಿತು, ಪಾಷಾ ಮಂದವಾಗಿ ಹಾಕಿದ ಎಣ್ಣೆ ಇಂಕಿಗೆ ಹಿಡಿಯಲಿಲ್ಲ. ಕೆಂಪಿನ ನಡುವೆ ಕೆನೆಬಣ್ಣದ ಗೆರೆ ಫಳಫಳನೆ ಎದ್ದು ನಿಂತಿತು: ‘ಶ್ರೀ’.

ಚೆನ್ನರಾಯಪ್ಪನವರ ಕಣ್ಣು ಅಗಲವಾಯಿತು. ಪ್ರಪಂಚದಲ್ಲಿ ಅವರಿಗೆ ಗೊತ್ತಿದ್ದ ಒಂದೇ ಅಕ್ಷರ! ಖಾಲಿ ಜಾಗದಿಂದ, ದೇವರ ಎದುರಿಗೆ, ಅವರದೇ ಕೈಯಲ್ಲಿ! ಅವರು ಬಾಯಲ್ಲಿದ್ದುದನ್ನು ನುಂಗಿಯೇಬಿಟ್ಟರು. ಕಾರ್ಡನ್ನು ಕಣ್ಣಿಗೊತ್ತಿಕೊಂಡು, ದೇವರ ಮುಂದಿಟ್ಟು, ಮಂಡಿಯೂರಿ ಹಣೆ ನೆಲಕ್ಕೆ ತಾಗಿಸಿ ನಮಸ್ಕಾರ ಮಾಡಿದರು. ಮಾಡಿದ್ದು ನೋಡಿ ನೆಂಟರೂ ದಡದಡನೆ ಮಾಡಿದರು. ಭಕ್ತಿ ಹೆಚ್ಚಾಗಿ ಇನ್ನಷ್ಟು ಅದ್ದಿ, ಇನ್ನಷ್ಟು ಉಜ್ಜಿ, ಎಡಮೂಲೆಯಿಂದ ಬಲಮೂಲೆಯವರೆಗೆ ಎಳೆದೇ ಎಳೆದರು. ಗೆರೆಗಳು ಒಂದೊಂದಾಗಿ ಎದ್ದು ಬಂದವು. ಚಲಪತಿ ಬಾಗಿಲು ಎಷ್ಟು ದೂರವಿದೆಯೆಂದು ನೋಡಿದ. ಬಾಗಿಲಲ್ಲಿ ಆಂಜಿನಮ್ಮ ನಿಂತಿದ್ದಳು.

“ಏನಂತ ಮೂಡೈತೆ, ಓದ್ರಮ್ಮ,” ಎಂದರು ದೊಡ್ಡಪ್ಪ.

ಮದುಮಗಳು ಗಂಗರತ್ನ ಬಗ್ಗಿ ನೋಡಿ, ಬೆಚ್ಚಿ, ಅಕ್ಕನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದ ಮೇಲೆ ಓದಿದಳು. ಆಂಜಿನಮ್ಮ ಬಂದು ಓದಿದಳು, ನೆರೆಮನೆಗೂ ಕೇಳಿಸಲಿ ಎಂಬಂತೆ. ಇಬ್ಬರ ಮಾತೂ ಒಂದೇ ಆಯಿತು. ಚೆನ್ನರಾಯಪ್ಪನವರ ಮೀಸೆ ಇಳಿಯತೊಡಗಿತು. ಮೂರನೆಯವರು ಬೇರೆ ಏನಾದರೂ ಹೇಳಲಿ ಎಂಬ ಆಸೆಯಿಂದ ಅವರು ಚಲಪತಿಯ ಕಡೆ ತಿರುಗಿದರು. ಮಾಡಿದವನು ನೀನೇ ಅಲ್ಲವೇನಪ್ಪ, ನೀನು ಓದು ಎಂದರು.

ಒಂಬತ್ತು ಅಕ್ಷರ. ಬ್ರಹ್ಮನನ್ನು ಎರಡು ತುಂಡು ಮಾಡುವವನಿಗೆ ಎಷ್ಟರ ಕೆಲಸ? ಮನೆಯವರೆಲ್ಲ ಅವನ ಬಾಯನ್ನೇ ನೋಡುತ್ತಿದ್ದರು. ಚಲಪತಿ ಗಂಟಲು ಸರಿಮಾಡಿಕೊಂಡ. ಕಾರ್ಡನ್ನು ಹತ್ತಿರ ಹಿಡಿದ, ದೂರ ಹಿಡಿದ.

“ಇಲ್ಲಿ... ಬೆಳಕು ಸ್ವಲ್ಪ ಕಮ್ಮಿ, ದೊಡ್ಡಪ್ಪ.”

ಅಡುಗೆಮನೆಯಿಂದ ಕಾಫಿ ತಂದ ಚಿಕ್ಕವೆಂಕಟಮ್ಮ ತಟ್ಟೆಯನ್ನು ಕೆಳಗಿಟ್ಟು, ಅಳಿಯನ ಕೈಯಿಂದ ಕಾರ್ಡು ತೆಗೆದುಕೊಂಡಳು. ಹಸಿ ಕೆಂಪಿನ ಮೇಲೆ ಬೆರಳಿಟ್ಟಳು.

“ಚಿ... ಕ್ಕ... ವೆಂ... ಕ... ಟ... ಮ್ಮ.” ಎರಡು ಸಲ ಓದಿದಳು. ಆಮೇಲೆ ಹೆಸರಿಗೆ ಮೊದಲಿದ್ದುದನ್ನೂ ಬಿಡದೆ ಹಿಡಿದಳು. “ಶ್ರೀ ಕೂಡ ಐತೆ. ನಂಗೆ ಶ್ರೀ ಬೇರೆ ಹಾಕವ್ರೆ.”

ಚೆನ್ನರಾಯಪ್ಪನವರ ಹಣೆಯ ಮೇಲೆ ನೆಲದ ಧೂಳು ಇನ್ನೂ ಇತ್ತು. ಅಷ್ಟು ಜನರ ಎದುರಿಗೆ ಹಾಕಿದ ನಮಸ್ಕಾರವನ್ನು ವಾಪಸು ತೆಗೆದುಕೊಳ್ಳುವ ಶಾಸ್ತ್ರ ಯಾವ ಪಂಚಾಂಗದಲ್ಲೂ ಇಲ್ಲ. ಅವರು ವಲ್ಲಿಯಿಂದ ಹಣೆ ಒರೆಸಿಕೊಂಡು, ದೇವರ ಮುಂದೆ ಮೂಡಿದ್ದನ್ನು ಮನುಷ್ಯ ಅಳಿಸುವುದಕ್ಕಾಗುತ್ತದೆಯೇ, ಅದೂ ತಮ್ಮ ಕೈಯಲ್ಲೇ ಮೂಡಿದ್ದು ಎಂದು ಘೋಷಿಸಿದರು. ಪೆಟ್ಟಿಗೆಯ ಬೀಗ ಅವರೇ ತೆರೆದ ಹಾಗಾಯಿತು.

“ನಿಮ್ಮ ಕೈಯಾಗೇ ಬಾವ,” ಎಂದಳು ಚಿಕ್ಕವೆಂಕಟಮ್ಮ. “ಇನ್ನೂ ನಾನೂರ ತೊಂಬತ್ತೊಂಬತ್ತು ಐತೆ. ಎಲೆ ಸುಣ್ಣ ತರಿಸ್ಲಾ?”

ತರಿಸಿದರು. ಮಧ್ಯಾಹ್ನದವರೆಗೆ ಇಡೀ ಮನೆ ಕೂತು ಕಾರ್ಡಿನ ಕೆಳಅಂಚಿಗೆ ಅರಿಶಿನ ಸುಣ್ಣ ಬಳಿಯಿತು. ಹೆಸರು ನೂರಾರು ಸಲ ಹುಟ್ಟುವುದನ್ನು ನೋಡುತ್ತ ಚಲಪತಿ ಕಾರ್ಡುಗಳನ್ನು ಹೊರಗೆ ಬಿಸಿಲಿಗೆ ಹರವಿದ. ನಡುನಡುವೆ ನೆಂಟರಿಗೆ, ಹಿನ್ನೆಲೆ ಬದಲಾದರೆ ಗೆರೆ ಎದ್ದು ಕಾಣುವಂತೆ ಮಾಡುವುದು ಒಂದು ವಿದ್ಯೆಯೆಂದೂ, ಇದನ್ನೆಲ್ಲ ತಾನು ಕಂಪ್ಯೂಟರಿನಲ್ಲಿ ಮೊದಲೇ ಯೋಚಿಸಿಟ್ಟಿದ್ದನೆಂದೂ ವಿವರಿಸಲು ನೋಡಿದ. ಅವನು ಮೊದಲೇ ಏನು ಯೋಚಿಸಿಟ್ಟಿದ್ದನೆಂದು ತಾನು ಹೇಳಲೇ ಎಂದು ಆಂಜಿನಮ್ಮ ಒಳಗಿನಿಂದ ಕೇಳಿದಳು. ವಿದ್ಯೆ ಅಲ್ಲಿಗೆ ನಿಂತಿತು.

ಸಂಜೆ ಬಸ್ಸಿಗೆ ಹೊರಟಾಗ ಚಿಕ್ಕವೆಂಕಟಮ್ಮ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಅರಿಶಿನದ ಪೊಟ್ಟಣ, ಒಂದು ಕಾರ್ಡು ಇಟ್ಟುಕೊಂಡು ಬಾಗಿಲಿಗೆ ಬಂದಳು. ಕರೆಯುವವಳು ತಾನಾದ್ದರಿಂದ ಮನೆಯ ಅಳಿಯನನ್ನೂ ಕ್ರಮವಾಗಿ ಕರೆಯಬೇಕಲ್ಲ. ಮದುವೆಗೆ ಒಂದು ದಿನ ಮುಂಚೆಯೇ ಬರಬೇಕೆಂದು ಹೇಳಿ ತಟ್ಟೆ ಮುಂದೆ ಹಿಡಿದಳು.

ಚಲಪತಿ ಬಗ್ಗಿ ಕಾರ್ಡು ತೆಗೆದುಕೊಂಡ. ಐನೂರರಲ್ಲಿ ಅದೊಂದಕ್ಕೆ ಅರಿಶಿನ ಹಚ್ಚಿರಲಿಲ್ಲ. ಕೆಳಅಂಚು ಕೆನೆಬಣ್ಣದಲ್ಲಿ ಖಾಲಿಯಾಗಿತ್ತು.

ಆಕೆ ಸೊಂಟದಿಂದ ಸುಣ್ಣದ ಡಬ್ಬಿ ತೆಗೆದು ಕಾರ್ಡಿನ ಮೇಲಿಟ್ಟಳು.

“ಕರ್ದಿದ್ದು ಯಾರು ಅಂತ ನೀವೇ ಹಚ್ಚಿ ನೋಡ್ಕೊಳ್ಳಿ, ಅಳಿಯಂದ್ರೆ. ನಿಧಾನಕ್ಕೆ ಹಚ್ಚಿ. ಅಭ್ಯಾಸ ಇಲ್ದಿದ್ರೆ ಬೆರಳು ಸುಡ್ತದೆ.”